ಬೀದಿಗೆ ಮೊದಲೇ ಯಜಮಾನರಿದ್ದಾರೆ: ಚಂದಾಪುರದಲ್ಲಿ ನಾಯಿಯ ವಾಕಿಂಗ್

ಸದಾ ಕಟ್ಟಿಹಾಕಿ ಸಾಕುವ ನಾಯಿಯನ್ನು ಹೊರಗೆ ಓಡಾಡಿಸದೆ ಇರುವುದು ನಮ್ಮ ದೇಶದಲ್ಲಿ ಅಪರಾಧ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ಇದು ಸ್ಪಷ್ಟವಾಗಿಯೇ ಇದೆ. ಇದರಡಿ ಯಾರಿಗಾದರೂ ಶಿಕ್ಷೆಯಾದದ್ದನ್ನು ನಾನಂತೂ ಕೇಳಿಲ್ಲ. ಆದರೂ ಹೊಸದಾಗಿ ಮರಿ ತಂದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಊಟ, ನೀರು, ಡಾಕ್ಟರು ಹೇಗೋ ವಾಕಿಂಗೂ ಹಾಗೆಯೇ. ಪುರಸೊತ್ತಾದಾಗ ಮಾಡುವ ಉಪಕಾರವಲ್ಲ ಅದು.

ಚಂದಾಪುರದಲ್ಲಿ ಈ ಮಾತು ಹೇಳುವುದು ಸುಲಭ, ನಡೆಸುವುದು ಕಷ್ಟ. ಒಂದು ಕಡೆ ಹೊಸೂರು ಹೆದ್ದಾರಿ, ಇನ್ನೊಂದು ಕಡೆ ಆನೇಕಲ್ ರಸ್ತೆ, ಮಗ್ಗುಲಲ್ಲೇ ಬೊಮ್ಮಸಂದ್ರದ ಕಾರ್ಖಾನೆಗಳು. ನಿನ್ನೆ ಮೊನ್ನೆಯವರೆಗೆ ರಾಗಿ ಹೊಲವಾಗಿದ್ದ ಕಡೆ ಲೇಔಟು, ಅದರ ನಡುವೆ ಖಾಲಿ ಸೈಟುಗಳು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೊ ಬೊಮ್ಮಸಂದ್ರದವರೆಗೆ ಬಂದ ಮೇಲೆ ಬಾಡಿಗೆಗೆ ಬರುವ ಕುಟುಂಬಗಳು ಇನ್ನೂ ಹೆಚ್ಚಿವೆ, ಅವರ ಜೊತೆಗೆ ಲ್ಯಾಬ್ರಡಾರು, ಶಿಟ್ಜು, ಬೀಗಲ್‌ಗಳೂ ಬಂದಿವೆ. ಫುಟ್‌ಪಾತ್ ಮಾತ್ರ ಬಂದಿಲ್ಲ.

ಮರಿಯನ್ನು ಯಾವಾಗ ನೆಲಕ್ಕೆ ಬಿಡಬೇಕು ಎಂಬಲ್ಲಿಂದ ಶುರು ಮಾಡೋಣ. ಆರರಿಂದ ಎಂಟು ವಾರದ ಹೊತ್ತಿಗೆ ಮೊದಲ ಲಸಿಕೆ ಬೀಳುತ್ತದೆ. ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಮರಿಗೆ ಸುಮಾರು ಹದಿನಾರು ವಾರ ತುಂಬುವವರೆಗೆ. ಈ ಸುತ್ತು ಮುಗಿಯುವ ಮುನ್ನ ಬೀದಿಯ ಮಣ್ಣು ಮರಿಗೆ ಅಪಾಯ, ಏಕೆಂದರೆ ರಕ್ತಭೇದಿ ತರುವ ಪಾರ್ವೊ ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಹಾಗೆಂದು ನಾಲ್ಕು ತಿಂಗಳು ಮನೆಯೊಳಗೇ ಕೂಡಿಹಾಕಿದರೆ ಅದು ಅಂಜುಬುರುಕವಾಗಿ ಬೆಳೆಯುತ್ತದೆ. ಎತ್ತಿಕೊಂಡು ಗೇಟಿನ ಹೊರಗೆ ನಿಲ್ಲಿ. ಕಂಪನಿ ಬಸ್ಸಿನ ಹಾರನ್ನು, ಸೊಪ್ಪಿನ ಗಾಡಿಯವರ ಕೂಗು, ಹೆಲ್ಮೆಟ್ ಹಾಕಿದ ಡೆಲಿವರಿ ಹುಡುಗ, ಎಲ್ಲವನ್ನೂ ನಿಮ್ಮ ತೋಳಿನಿಂದಲೇ ನೋಡಲಿ. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಅದಕ್ಕೊಂದು ಬೂಸ್ಟರ್, ಆಮೇಲೆ ವರ್ಷವರ್ಷವೂ. ಲಸಿಕೆ ಪುಸ್ತಕದ ಫೋಟೊ ಫೋನಿನಲ್ಲಿರಲಿ, ಜಗಳ ಬಂದ ದಿನ ಎಲ್ಲರೂ ಮೊದಲು ಕೇಳುವುದು ಅದನ್ನೇ.

ಸಾಮಾನಿನ ವಿಷಯ ಹೆಚ್ಚಿಲ್ಲ. ಎದೆಗೆ ಹಾಕುವ ಹಾರ್ನೆಸ್ಸು, ಆರಡಿ ಉದ್ದದ ನೂಲಿನ ಅಥವಾ ನೈಲಾನಿನ ಲೀಶು, ಕೊರಳಿಗೆ ನಿಮ್ಮ ಫೋನ್ ನಂಬರಿರುವ ಬಿಲ್ಲೆ. ಗುಂಡಿ ಒತ್ತಿದರೆ ಉದ್ದವಾಗುವ ಲೀಶು ಅಂಗಡಿಯಲ್ಲಿ ಚೆನ್ನಾಗಿ ಕಾಣುತ್ತದೆ, ನಮ್ಮ ರಸ್ತೆಗೆ ಅದು ಬೇಡ. ನಾಯಿ ಹದಿನೈದು ಅಡಿ ಮುಂದಿದ್ದಾಗ ಅಡ್ಡರಸ್ತೆಯಿಂದ ಸ್ಕೂಟರ್ ನುಗ್ಗಿದರೆ ಎಳೆದುಕೊಳ್ಳಲು ಸಮಯವಿರುವುದಿಲ್ಲ. ಹಾರ್ನೆಸ್ ಹಾಕಿದ ಮೇಲೆ ಪಟ್ಟಿಯ ಕೆಳಗೆ ಎರಡು ಬೆರಳು ಸರಾಗವಾಗಿ ಹೋಗಬೇಕು. ಮೂರು ಹೋದರೆ ನಾಯಿ ಹಿಂದಕ್ಕೆ ಜಗ್ಗಿ ತಪ್ಪಿಸಿಕೊಳ್ಳುತ್ತದೆ, ಒಂದೂ ಹೋಗದಿದ್ದರೆ ಕಂಕುಳು ಉಜ್ಜಿ ಹುಣ್ಣಾಗುತ್ತದೆ. ಲೀಶಿನ ಕುಣಿಕೆಯನ್ನು ಮಣಿಕಟ್ಟಿಗೆ ಸುತ್ತಬೇಡಿ. ಹೆಬ್ಬೆರಳಿಗೆ ಸಿಕ್ಕಿಸಿ ಅಂಗೈ ಮುಚ್ಚಿ. ಮೂವತ್ತು ಕಿಲೊ ತೂಕದ ನಾಯಿ ಬೆಕ್ಕಿನ ಹಿಂದೆ ನುಗ್ಗಿದಾಗ ಮುರಿಯುವುದು ಸುತ್ತಿಕೊಂಡ ಮಣಿಕಟ್ಟೇ.

ಇನ್ನು ಈ ಲೇಖನದ ಮುಖ್ಯ ಪಾಠ. ನೀವು ನಡೆಯಲು ಹೊರಟಿರುವ ರಸ್ತೆಗೆ ಮೊದಲೇ ಯಜಮಾನರಿದ್ದಾರೆ. ಟೀ ಅಂಗಡಿಯ ಮುಂದೆ ಮೂರು, ಕೋಳಿ ಅಂಗಡಿಯ ಹಿಂದೆ ಐದು, ಅಪಾರ್ಟ್‌ಮೆಂಟ್ ಗೇಟಿನ ಸೆಕ್ಯುರಿಟಿಯವರ ಕುರ್ಚಿಯ ಕೆಳಗೆ ಒಂದು. ಪ್ರತಿ ಗುಂಪಿಗೂ ಗಡಿಯಿದೆ. ಒಂದು ಕರೆಂಟು ಕಂಬದಿಂದ ಇನ್ನೊಂದು ಟ್ರಾನ್ಸ್‌ಫಾರ್ಮರ್ ಕಟ್ಟೆಯವರೆಗೆ ಎಂದು ಅವುಗಳಿಗೆ ಕರಾರುವಾಕ್ಕಾಗಿ ಗೊತ್ತು, ನಮಗೆ ಮಾತ್ರ ಗೊತ್ತಿಲ್ಲ. ನಿಮ್ಮ ನಾಯಿ ಆ ಕಂಬಕ್ಕೆ ಕಾಲೆತ್ತುವುದೆಂದರೆ ಬೇರೆಯವರ ಗೋಡೆಯ ಮೇಲೆ ಹೆಸರು ಬರೆದಂತೆ. ಜಗಳ ಹುಟ್ಟುವುದೇ ಅಲ್ಲಿ. ಆದ್ದರಿಂದ ಮೊದಲ ಕೆಲವು ದಿನ ನಾಯಿಯಿಲ್ಲದೆ ನೀವೊಬ್ಬರೇ ಆ ದಾರಿಯಲ್ಲಿ ನಡೆದು ಬನ್ನಿ. ಯಾವ ತಿರುವಿನಲ್ಲಿ ಯಾರಿದ್ದಾರೆ, ಯಾವುದು ಗದರಿಸುತ್ತದೆ, ಯಾವುದು ಬಾಲ ಆಡಿಸಿ ಸುಮ್ಮನಾಗುತ್ತದೆ, ನೋಡಿಟ್ಟುಕೊಳ್ಳಿ. ಅವುಗಳಿಗೆ ದಿನವೂ ಅನ್ನ ಹಾಕುವವರು ಯಾರಾದರೂ ಇದ್ದೇ ಇರುತ್ತಾರೆ, ಅವರನ್ನು ಮಾತಾಡಿಸಿ. ಬೀದಿನಾಯಿಗಳ ಬಗ್ಗೆ ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಕಿವಿಗಳನ್ನೂ ಗಮನಿಸಿ. ಒಂದು ಕಿವಿಯ ತುದಿಯಲ್ಲಿ ಸಣ್ಣ ಕಚ್ಚು ಇದ್ದರೆ ಆ ನಾಯಿಗೆ ಸಂತಾನಹರಣ ಚಿಕಿತ್ಸೆಯಾಗಿದೆ, ಆಗ ರೇಬೀಸ್ ಲಸಿಕೆಯೂ ಬಿದ್ದಿದೆ ಎಂದರ್ಥ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಈ ಕೆಲಸ ಸ್ಥಳೀಯ ಸಂಸ್ಥೆಯದು, ನಮ್ಮಲ್ಲಿ ಪುರಸಭೆಯದು. ಹಿಡಿದ ನಾಯಿಯನ್ನು ಚಿಕಿತ್ಸೆ, ಲಸಿಕೆ ಮುಗಿಸಿ ಹಿಡಿದ ಜಾಗದಲ್ಲೇ ಬಿಡಬೇಕು. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಹೇಳಿತು. ರೇಬೀಸ್ ತಗುಲಿದ, ಮೇಲೆ ಬೀಳುವ ಸ್ವಭಾವದ ನಾಯಿಗಳನ್ನು ಮಾತ್ರ ಹೊರಗಿಟ್ಟಿತು. ಅದೇ ವರ್ಷದ ನವೆಂಬರಿನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಹಿಡಿದವುಗಳನ್ನು ಮತ್ತೆ ಅಲ್ಲಿಗೆ ಬಿಡಬಾರದು ಎಂದಿತು. ನಾಯಿ ಸಾಕಿದವರು ಇದರಲ್ಲಿ ಯಾವ ಪಕ್ಷ ಹಿಡಿಯಬೇಕು ಎಂದು ಕೇಳುತ್ತಾರೆ. ನನ್ನ ಉತ್ತರ ಸರಳ. ನಿಮ್ಮ ಬೀದಿಯಲ್ಲಿ ಕಚ್ಚುಗಿವಿಯ ನಾಯಿಗಳು ಹೆಚ್ಚಿದಷ್ಟೂ ನಿಮ್ಮ ನಾಯಿಯ ವಾಕಿಂಗ್ ಸಲೀಸಾಗುತ್ತದೆ. ಕಚ್ಚಿಲ್ಲದ ಕಿವಿಗಳೇ ಹೆಚ್ಚಿದ್ದರೆ ಪುರಸಭೆಗೆ ಅರ್ಜಿ ಬರೆಯಿರಿ.

ಗುಂಪು ಎದುರಾದಾಗ ಏನು ಮಾಡಬೇಕು? ಮೊದಲು ಅವುಗಳ ಮೈ ಓದಬೇಕು. ಬಾಲ ನೆಟ್ಟಗೆ ಮೇಲೆದ್ದು ಬಿಗಿಯಾಗಿದೆ, ಬೆನ್ನಿನ ಕೂದಲು ನಿಮಿರಿದೆ, ಬಾಯಿ ಮುಚ್ಚಿ ದಿಟ್ಟಿಸುತ್ತಿದೆ ಎಂದರೆ ಅದು ಎಚ್ಚರಿಕೆ. ಬಾಲ ಸೊಂಟದ ಸಮಕ್ಕೆ ಅಗಲವಾಗಿ ಆಡುತ್ತಿದೆ, ಮೈ ಬಳುಕಿಸಿ ಬಳಸಿಕೊಂಡು ಬರುತ್ತಿದೆ ಎಂದರೆ ಪರಿಚಯಕ್ಕೆ ಬರುತ್ತಿದೆ. ಬೊಗಳುವುದು ಮಾತ್ರ ಯಾವುದಕ್ಕೂ ಖಚಿತ ಗುರುತಲ್ಲ. ನಿಜಕ್ಕೂ ಹೆದರಬೇಕಾದದ್ದು ಸದ್ದಿಲ್ಲದೆ ಬಗ್ಗಿ ಬರುವ ನಾಯಿಗೆ.

ಎಚ್ಚರಿಕೆ ಕಂಡರೆ ನಿಂತುಬಿಡಿ. ಓಡಬೇಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಅರ್ಧ ಮಗ್ಗುಲಾಗಿ ತಿರುಗಿ. ಹೊಸಬರ ಕೈ ಆಗ ತಾನಾಗಿಯೇ ಲೀಶನ್ನು ಮೇಲಕ್ಕೆ ಎಳೆಯುತ್ತದೆ. ಎಳೆದರೆ ನಿಮ್ಮ ನಾಯಿಯ ಮುಂಗಾಲು ನೆಲದಿಂದೇಳುತ್ತದೆ, ಎದೆ ಮುಂದಕ್ಕೆ ಬರುತ್ತದೆ, ಎದುರಿನ ನಾಯಿಗೆ ಅದು ಕುಸ್ತಿಗೆ ಕರೆದಂತೆ ಕಾಣುತ್ತದೆ. ಲೀಶು ಗಿಡ್ಡವಾಗಿರಲಿ, ಆದರೆ ಸಡಿಲವಾಗಿರಲಿ. ಆಮೇಲೆ ರಸ್ತೆಯ ಇನ್ನೊಂದು ಬದಿಗೆ ಅರ್ಧಚಂದ್ರಾಕಾರದಲ್ಲಿ ಬಳಸಿಕೊಂಡು ನಿಧಾನಕ್ಕೆ ದಾಟಿ. ನಾಯಿಗಳು ತಮ್ಮತಮ್ಮಲ್ಲಿ ಮರ್ಯಾದೆ ಕೊಡುವುದೂ ಹೀಗೆಯೇ, ನೇರ ಬರದೆ ಬಳಸಿ ಬರುತ್ತವೆ. ಚಿಕ್ಕ ನಾಯಿಯನ್ನು ಗಾಬರಿಯಲ್ಲಿ ತಲೆಯ ಮೇಲೆ ಎತ್ತಿ ಹಿಡಿಯುವವರುಂಟು. ಹಾಗೆ ಎತ್ತಿದಾಗ ಬೀದಿನಾಯಿಗಳು ಹಾರಿ ನೆಗೆಯುತ್ತವೆ, ಕಚ್ಚು ಬೀಳುವುದು ನಿಮ್ಮ ತೋಳಿಗೆ. ಎತ್ತಲೇಬೇಕಾದರೆ ಅವು ದೂರವಿರುವಾಗಲೇ ಎತ್ತಿಕೊಳ್ಳಿ. ಕೈಯಲ್ಲೊಂದು ಛತ್ರಿ ಇರಲಿ. ಫಟ್ಟೆಂದು ಬಿಚ್ಚಿ ನಡುವೆ ಹಿಡಿದರೆ ಎಂಥ ಗುಂಪೂ ಒಂದು ಕ್ಷಣ ನಿಲ್ಲುತ್ತದೆ. ಕಲ್ಲು ಎತ್ತುವವರಂತೆ ಬಗ್ಗಿದರೂ ಹಿಂದೆ ಸರಿಯುತ್ತವೆ, ಸರಿ. ಆದರೆ ನೀವು ದಿನವೂ ಅದೇ ಬೀದಿಯಲ್ಲಿ ನಡೆಯಬೇಕಾದವರು. ಒಂದು ಸಲ ಕಲ್ಲೆತ್ತಿದವರ ವಾಸನೆಯನ್ನು ಅವು ಮರೆಯುವುದಿಲ್ಲ.

ಮಳೆಗಾಲ ಮುಗಿದು ಕಾರ್ತಿಕ ಹತ್ತಿರವಾದಾಗ ಇನ್ನಷ್ಟು ಎಚ್ಚರ ಬೇಕು. ಬೆದೆಗೆ ಬಂದ ಒಂದು ಹೆಣ್ಣುನಾಯಿಯ ಹಿಂದೆ ಏಳೆಂಟು ಗಂಡು ಸುತ್ತುವ ಕಾಲ ಅದು. ಅದಾಗಿ ಎರಡು ತಿಂಗಳಿಗೆ ಮೋರಿಯ ಕಲ್ಲುಚಪ್ಪಡಿಯ ಕೆಳಗೆ, ಮರಳು ರಾಶಿಯ ಹಿಂದೆ ಮರಿ ಹಾಕಿದ ತಾಯಂದಿರಿರುತ್ತಾರೆ. ನಿನ್ನೆಯವರೆಗೆ ಸಾಧುವಾಗಿದ್ದ ನಾಯಿ ಇವತ್ತು ಮೈಮೇಲೆ ಬಂತೆಂದರೆ ಸುತ್ತ ಎಲ್ಲೋ ಮರಿಗಳಿವೆ. ಒಂದು ತಿಂಗಳು ಬೇರೆ ರಸ್ತೆಯಲ್ಲಿ ಹೋಗಿ, ಅಷ್ಟೇ.

ಇಷ್ಟೆಲ್ಲ ಮಾಡಿಯೂ ಕಚ್ಚಿತು ಎನ್ನಿ, ಅಥವಾ ಜಗಳ ಬಿಡಿಸುವಾಗ ಉಗುರು ಪರಚಿತು. ಹರಿಯುವ ನೀರಿನ ಕೆಳಗೆ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಅಂದಾಜಿನ ಹದಿನೈದು ನಿಮಿಷ ಎರಡು ನಿಮಿಷಕ್ಕೇ ಮುಗಿದುಬಿಡುತ್ತದೆ. ಅರಿಶಿನ, ಸುಣ್ಣ, ಕಾಫಿಪುಡಿ ಏನನ್ನೂ ಮೆತ್ತಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಗಳಲ್ಲಿ ರೇಬೀಸ್ ಲಸಿಕೆ ಉಚಿತ. ಗಾಯ ಆಳವಾಗಿ ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು, ಡಾಕ್ಟರನ್ನು ಕೇಳಿ ಖಚಿತಪಡಿಸಿಕೊಳ್ಳಿ. ಉಳಿದ ಡೋಸುಗಳನ್ನು ಅವರು ಬರೆದುಕೊಟ್ಟ ತಾರೀಖಿಗೇ ಹಾಕಿಸಿಕೊಳ್ಳಿ. ರೇಬೀಸ್‌ನ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆಂಬಷ್ಟು ಅಪರೂಪ.

ಸಮಯದ ಮಾತಿಗೆ ಬರೋಣ. ಬೆಳಿಗ್ಗೆ ಐದೂವರೆ ಆರಕ್ಕೆ ಹೊರಡುವುದು ಒಳ್ಳೆಯದು. ಆಮೇಲೆ ಪಾಳಿಯ ಬಸ್ಸುಗಳು, ಟೆಂಪೊ ಟ್ರಾವೆಲರುಗಳು ಶುರುವಾಗುತ್ತವೆ. ಮಾರ್ಚಿನಿಂದ ಮೇವರೆಗೆ ಒಂಬತ್ತರ ಮೇಲೆ ಸಂಜೆ ಐದೂವರೆಯೊಳಗೆ ಡಾಂಬರಿನ ಮೇಲೆ ನಡೆಸಲೇಬೇಡಿ. ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ ಏಳು ಎಣಿಸಿ. ನಿಮಗೆ ತಡೆಯಲಾಗದಿದ್ದರೆ ನಾಯಿಯ ಅಂಗಾಲಿಗೂ ಆಗುವುದಿಲ್ಲ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ತೇಕಿಯೇ ಅದು ತಣ್ಣಗಾಗಬೇಕು. ಪಗ್, ಶಿಟ್ಜುಗಳಂಥ ಚಪ್ಪಟೆ ಮೂತಿಯವಕ್ಕೆ ಆ ತೇಕುವುದೂ ಕಷ್ಟ. ರಾತ್ರಿ ಎರಡಕ್ಕೆ ಶಿಫ್ಟು ಮುಗಿಸಿ ಬಂದು ನಾಯಿ ಹೊರಡಿಸುವವರು ದೀಪವಿರುವ ರಸ್ತೆಯಲ್ಲೇ ಇರಿ. ಖಾಲಿ ಸೈಟಿನ ಪಾರ್ಥೇನಿಯಂ ಪೊದೆಯಲ್ಲಿ ಬಿಯರ್ ಬಾಟಲಿಯ ಚೂರೂ ಇರುತ್ತದೆ, ಕೊಳಕುಮಂಡಲವೂ ಇರುತ್ತದೆ. ಮಳೆಗಾಲದ ಕೊಚ್ಚೆಯಲ್ಲಿ ಇಲಿಜ್ವರದ ರೋಗಾಣು ಇರುತ್ತದೆ. ಮನೆಗೆ ಬಂದ ಮೇಲೆ ಬೆರಳ ಸಂದಿ, ಕಿವಿಯ ಒಳಬದಿ, ಕಂಕುಳು ತಡವಿ ಉಣ್ಣಿ ನೋಡಿ. ಉಣ್ಣಿಯಿಂದ ಬರುವ ಜ್ವರಕ್ಕೆ ನಮ್ಮ ಕಡೆ ಸಾಯುವ ನಾಯಿಗಳು ಕಡಿಮೆಯಿಲ್ಲ.

ಎಷ್ಟು ಹೊತ್ತು ನಡೆಸಬೇಕು ಎಂಬುದು ಎಲ್ಲರ ಪ್ರಶ್ನೆ. ದೊಡ್ಡ ನಾಯಿಗೆ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಎಂದು ಹಿಡಿಯಿರಿ. ಆದರೆ ನಿಮ್ಮ ವಾಚಿನ ಹೆಜ್ಜೆಯ ಲೆಕ್ಕವನ್ನು ಅದರ ಮೇಲೆ ಹೇರಬೇಡಿ. ನಾಯಿ ಲೋಕವನ್ನು ತಿಳಿಯುವುದು ಮೂಗಿನಿಂದ. ಒಂದು ಕಲ್ಲನ್ನು ಎರಡು ನಿಮಿಷ ಮೂಸುತ್ತಾ ನಿಂತರೆ ನಿಲ್ಲಲು ಬಿಡಿ, ಅದರ ಅರ್ಧ ವಾಕಿಂಗ್ ಅದೇ. ಮುಧೋಳ ನಾಯಿ ತಂದವರಿಗೆ ಮಾತ್ರ ಈ ಲೆಕ್ಕ ಸಾಲದು. 2005ರಲ್ಲಿ ಅಂಚೆಚೀಟಿಗೇರಿದ, ಆಮೇಲೆ ಸೇನೆಯ ತರಬೇತಿಗೂ ಆಯ್ಕೆಯಾದ ತಳಿ ಅದು, ಮೊಲದ ಹಿಂದೆ ಓಡಲೆಂದೇ ಹುಟ್ಟಿದ್ದು. ಎರಡು ಕೋಣೆಯ ಫ್ಲ್ಯಾಟಿಗೆ ಅದನ್ನು ತರುವ ಮುನ್ನ ಎರಡು ಸಲ ಯೋಚಿಸಿ ಎಂಬುದು ನನ್ನ ಖಡಾಖಂಡಿತ ಮಾತು.

ಎಲ್ಲಿಗೆ ಹೋಗುವುದು? ಹೊಸಬರಿಗೆ ಕೆರೆ ಏರಿಯೇ ಮೊದಲು ಹೊಳೆಯುತ್ತದೆ. ಏರಿಯ ಮೇಲೆ ಧಾರಾಳವಾಗಿ ನಡೆಯಿರಿ, ಆದರೆ ನೀರಿಗಿಳಿಸಬೇಡಿ. ಚಂದಾಪುರ ಕೆರೆಯನ್ನು ಕಾಪಾಡದ ತಪ್ಪಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2022ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರಕ್ಕೆ 500 ಕೋಟಿ ರೂಪಾಯಿ ಪರಿಹಾರ ಕಟ್ಟಲು ಹೇಳಿತ್ತು. ಅಂಥ ನೀರನ್ನು ಮನುಷ್ಯರು ಮುಟ್ಟುವುದಿಲ್ಲ, ನಾಯಿ ಮಾತ್ರ ಬಾಯಾರಿದರೆ ಹಿಂದೆಮುಂದೆ ನೋಡದೆ ನೆಕ್ಕುತ್ತದೆ. ನಿಂತ ನೀರಿನ ಮೇಲೆ ಹಸಿರು ಬಣ್ಣ ಬಳಿದಂತೆ ಕಾಣುವ ಪಾಚಿ ಬಂದಾಗ ಅದರ ಕೆಲವು ಬಗೆಗಳ ವಿಷ ನಾಯಿಯನ್ನು ಗಂಟೆಗಳಲ್ಲಿ ಕೊಲ್ಲಬಲ್ಲದು. ನೀರಿನ ಬಾಟಲಿ, ಒಂದು ಬಟ್ಟಲು ನಿಮ್ಮ ಚೀಲದಲ್ಲೇ ಇರಲಿ. ಲೇಔಟಿನ ಒಳರಸ್ತೆಗಳು, ಸೂರ್ಯನಗರದಂಥ ಬಡಾವಣೆಯ ಅಗಲ ರಸ್ತೆಗಳು ದಿನದ ವಾಕಿಂಗಿಗೆ ಸಾಕು.

ಅಪಾರ್ಟ್‌ಮೆಂಟಿನ ಜಗಳಕ್ಕೆ ಎರಡೇ ಮಾತು. ನಾಯಿ ಸಾಕುವುದನ್ನು, ಲಿಫ್ಟಿನಲ್ಲಿ ಕರೆತರುವುದನ್ನು ಸಂಘದವರು ಬಹುಮತದಿಂದಲೂ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಇನ್ನೊಂದು ಕಡೆ, ಸಾಕಿದ ಪ್ರಾಣಿಯಿಂದ ಬೇರೆಯವರಿಗೆ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ನಿನಡಿ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಬೀಳಬಹುದು. ಲಿಫ್ಟಿನಲ್ಲಿ ಮಗುವೋ ಅಜ್ಜಿಯೋ ಇದ್ದು ಹಿಂಜರಿದರೆ ‘ನೀವು ಹೋಗಿ ಅಮ್ಮ, ನಾವು ಆಮೇಲೆ ಬರ್ತೀವಿ’ ಅಂದುಬಿಡಿ. ‘ನಮ್ಮದು ಏನೂ ಮಾಡಲ್ಲ’ ಎಂಬ ಮಾತಿನಿಂದ ಯಾರ ಹೆದರಿಕೆಯೂ ಇದುವರೆಗೆ ಹೋಗಿಲ್ಲ. ಕಕ್ಕ ಎತ್ತುವುದಂತೂ ಚರ್ಚೆಯ ವಿಷಯವೇ ಅಲ್ಲ. ಹಳೆಯ ಪೇಪರಿನ ಹಾಳೆ, ಒಂದು ಕವರು ಜೇಬಿನಲ್ಲಿಲ್ಲದೆ ಗೇಟು ದಾಟಬೇಡಿ. ಕೊಕ್ಕೆಹುಳು, ದುಂಡುಹುಳುಗಳ ಮೊಟ್ಟೆ ಅದರಿಂದಲೇ ಮಣ್ಣಿಗೆ ಸೇರುವುದು, ಆ ಮಣ್ಣಿನಲ್ಲೇ ಮಕ್ಕಳು ಬರಿಗಾಲಲ್ಲಿ ಆಡುವುದು.

ಮರಿ ಸ್ವಲ್ಪ ದೊಡ್ಡದಾಯಿತು ಎನ್ನುವಾಗಲೇ ಸಮುದ್ರ ತೋರಿಸುವ ಆಸೆ ಹುಟ್ಟುತ್ತದೆ. ಇಲ್ಲಿಂದ ಕರಾವಳಿ ಮುನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು. ಶಿರಾಡಿಯ ತಿರುವುಗಳಲ್ಲಿ ವಾಂತಿಯಾಗದಿರಲಿ ಎಂದಾದರೆ ಹೊರಡುವ ಮೂರು ಗಂಟೆ ಮೊದಲೇ ಊಟ ನಿಲ್ಲಿಸಿ. ಎರಡು ಗಂಟೆಗೊಮ್ಮೆ ಇಳಿಸಿ, ಲೀಶು ಹಾಕಿಯೇ ಬಾಗಿಲು ತೆರೆಯಿರಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಕಡಲು ಒರಟು, ಆಗ ಬೇಡ.

ಕಡಲತೀರವೆಂದರೆ ನಾಯಿಯನ್ನು ಬಿಚ್ಚಿಬಿಡುವ ಖಾಲಿ ಮೈದಾನ ಎಂದು ನಮ್ಮ ಕಡೆಯವರು ತಿಳಿದಿದ್ದಾರೆ. ಅದಕ್ಕೂ ಯಜಮಾನರಿದ್ದಾರೆ. ಬೆಳಿಗ್ಗೆ ಕೈರಂಪಣಿ ಬಲೆ ಎಳೆಯುವವರ ನಡುವೆ ನಿಮ್ಮ ಲ್ಯಾಬ್ರಡಾರು ನುಗ್ಗಿದರೆ ಅದು ಅವರ ಆ ದಿನದ ದುಡಿಮೆಗೆ ಕಾಲು ಹಾಕಿದಂತೆ. ಒಣಗಲು ಹರಡಿದ ಮೀನೂ ಹಾಗೆಯೇ, ಯಾರದೋ ಮನೆಯ ಸಂಪಾದನೆ. ಕಾಸರಕೋಡು ಮತ್ತು ಪಡುಬಿದ್ರಿ ಕಡಲತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಸಾಕುಪ್ರಾಣಿಗಳ ಪ್ರವೇಶವನ್ನು ಕಟ್ಟುನಿಟ್ಟಾಗಿ ನಿಯಂತ್ರಿಸಬೇಕು ಎಂಬುದು ಆ ಮಾನ್ಯತೆಯ ಷರತ್ತುಗಳಲ್ಲೊಂದು. ಅಂಥಲ್ಲಿ ಮೊದಲು ಗೇಟಿನವರನ್ನು ಕೇಳಿ. ಬೇಡವೆಂದರೆ ವಾದಿಸದೆ ಬೇರೆ ಕಡೆ ಹೋಗಿ.

ಅಲೆಗೆ ಬೊಗಳಿ ಹಿಂದೆ ಸರಿಯುವುದು, ಮತ್ತೆ ಮುಂದೆ ಹೋಗುವುದು, ಮೊದಲ ದಿನ ಇಷ್ಟೇ ಆದರೆ ಸಾಕು. ಎತ್ತಿಕೊಂಡು ಹೋಗಿ ನೀರಿಗೆ ಹಾಕಬೇಡಿ. ಉಪ್ಪುನೀರು ಕುಡಿದರೆ ಭೇದಿ ಹತ್ತುತ್ತದೆ, ಹೆಚ್ಚು ಕುಡಿದರೆ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಹತ್ತು ನಿಮಿಷಕ್ಕೊಮ್ಮೆ ಸಿಹಿನೀರು ಕೊಡಿ. ದಡಕ್ಕೆ ಬಿದ್ದ ಸತ್ತ ಮೀನು ಬಾಯಿಗೆ ಸಿಗದಂತೆ ನೋಡಿಕೊಳ್ಳಿ. ಹೊಟ್ಟೆ ಉಬ್ಬಿಸಿಕೊಳ್ಳುವ ಮೀನಿನ ಜಾತಿಗಳಲ್ಲಿ ಕೊಲ್ಲುವ ವಿಷವಿದೆ, ಬೇರೆಯವುಗಳ ಗಂಟಲಲ್ಲಿ ಗಾಳದ ಕೊಕ್ಕೆ ಇರಬಹುದು. ಲೋಳೆಮೀನು ಸತ್ತ ಮೇಲೂ ಚುಚ್ಚುತ್ತದೆ. ವಾಪಸು ಬಂದ ಕೂಡಲೇ ಸಿಹಿನೀರಿನಲ್ಲಿ ಮೈ ತೊಳೆದು ಕಿವಿ ಒರೆಸಿ.

ಚಳಿಗಾಲದ ರಾತ್ರಿಗಳಲ್ಲಿ ನಮ್ಮ ಕರಾವಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ, ಹೊನ್ನಾವರದ ಕಡೆ, ಕುಂದಾಪುರದ ಕಡೆ. ಒಂದೊಂದು ಗೂಡಿನಲ್ಲೂ ನೂರರ ಆಸುಪಾಸು ಮೊಟ್ಟೆ. ಮರಿಯಾಗಲು ಒಂದೂವರೆಯಿಂದ ಎರಡು ತಿಂಗಳು. ಮರಳಿನಡಿಯ ಆ ವಾಸನೆ ಮನುಷ್ಯನಿಗೆ ತಿಳಿಯುವುದಿಲ್ಲ, ನಾಯಿಗೆ ತಿಳಿಯುತ್ತದೆ. ಎರಡು ನಿಮಿಷ ಕೆದರಿದರೆ ಗೂಡು ಮುಗಿದುಹೋಯಿತು. ಈ ಆಮೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದ ಪ್ರಾಣಿ, ಹುಲಿಗೆ ಇರುವಷ್ಟೇ ರಕ್ಷಣೆ ಇದಕ್ಕೂ ಇದೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಕತ್ತಲಾದ ಮೇಲೆ ನಾಯಿಯನ್ನು ಕಡಲತೀರಕ್ಕೆ ಕರೆದೊಯ್ಯಬೇಡಿ, ಹಗಲಲ್ಲೂ ಲೀಶು ಬಿಚ್ಚಬೇಡಿ. ಮರಳಿನ ಮೇಲೆ ಟ್ರ್ಯಾಕ್ಟರ್ ಚಕ್ರದಂಥ ಗುರುತು ಕಡಲಿನಿಂದ ಮೇಲಕ್ಕೆ ಬಂದು ಮತ್ತೆ ಕಡಲಿಗೇ ಇಳಿದಿದ್ದರೆ ಅಲ್ಲಿಂದ ನಾಯಿಯನ್ನು ದೂರ ಕರೆದೊಯ್ದು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.